ತೊಟ್ಟೆಯಲ್ಲಿ ಏಡಿ

ಕಡಲ ಬದಿಯಲ್ಲಿ ಹುಟ್ಟಿದವರಿಗೆ ಒಂದು ಸೊಕ್ಕು ಹುಟ್ಟಿನಿಂದಲೇ ಬಂದಿರುತ್ತದೆ. ಮೀನಿನ ವಿಷಯದಲ್ಲಿ ಘಟ್ಟದ ಮೇಲಿನವರಿಗೆ ಏನೂ ತಿಳಿಯದು ಎಂಬುದು ಅದರ ಮೊದಲ ಹಂತ. ಮಂಗಳೂರಿನವರದೂ ಅಷ್ಟಕ್ಕಷ್ಟೆ ಎಂಬುದು ಎರಡನೆಯದು. ಇದು ಕುಂದಾಪುರದವರಿಗೆ ಮಾತ್ರ ಬರುತ್ತದೆ. ನನ್ನ ಹೆಂಡತಿ ಇವೆರಡನ್ನೂ ದಾಟಿ, ಗಂಗೊಳ್ಳಿ ಹೊಳೆಯ ಈಚೆ ದಡದವರಿಗೆ ಏಡಿ ಆರಿಸಲಿಕ್ಕೇ ಬರುವುದಿಲ್ಲ ಎಂಬ ಮೂರನೆಯ ಹಂತದಲ್ಲಿದ್ದಾಳೆ. ನಾನು ಈಚೆ ದಡದವನು.

ಇಂಥವಳನ್ನು ಹ್ಯೂಸ್ಟನ್ನಿನ ತನ್ನ ಅಡುಗೆಮನೆಯಲ್ಲಿ ಕುರ್ಚಿ ಹಾಕಿ ಕೂರಿಸಿ ಮಗಳು ಹೇಳಿದಳು: "ಅಮ್ಮ, ಇವತ್ ನೀನ್ ಎಂತ ಮಾಡುದ್ ಬ್ಯಾಡ. ಸೀಫುಡ್ ಬಾಯ್ಲ್ ನಾ ಮಾಡ್ತೆ." ಹೇಳಿ, ಕಪಾಟಿನಿಂದ ಒಂದು ಉದ್ದನೆಯ ಪೆಟ್ಟಿಗೆ ತೆಗೆದಳು. ಪೆಟ್ಟಿಗೆಯ ಮೇಲೆ ಕೆಂಪಗೆ ಬೆಂದ ಟರ್ಕಿ ಕೋಳಿಯ ಚಿತ್ರ. ಒಳಗೆ ಮಡಚಿಟ್ಟ ಪಾರದರ್ಶಕ ಚೀಲಗಳು. ನನ್ನಾಕೆ ಒಂದನ್ನು ಬಿಡಿಸಿ, ಬೆಳಕಿಗೆ ಹಿಡಿದು, ನನ್ನ ಕಡೆ ತಿರುಗಿದಳು.

"ಹ್ವಾಯ್, ಇಲ್ಕಾಣಿ. ಏಡಿ ತೊಟ್ಟಿಯಂಗೆ ಹಾಕಿ ಬೇಸುದಂಬ್ರ್!"

ನಮ್ಮೂರಲ್ಲಿ ತೊಟ್ಟೆಯಲ್ಲಿ ಬಂದು ಹೆಸರು ಮಾಡಿದ ಏಕೈಕ ಪದಾರ್ಥ ಸಾರಾಯಿ. ಅದನ್ನೂ 2007ರಲ್ಲಿ ಸರಕಾರ ನಿಲ್ಲಿಸಿತು.

ಈ ಬಾಯ್ಲಿನ ಮೂಲರೂಪವನ್ನು ನಾವು ಮಗಳ ಚೀಲ ಕಾಣುವ ಮೊದಲೇ ಮಗಳ ಸಹೋದ್ಯೋಗಿಯೊಬ್ಬರ ಹಿತ್ತಲಲ್ಲಿ ಕಂಡಿದ್ದೆವು. ಆ ಮನೆಯವರು ಲೂಯಿಸಿಯಾನದ ಕೇಜನರು. ಇವರ ಹಿರೀಕರು ಕೆನಡಾದ ಪೂರ್ವ ಕರಾವಳಿಯ ಅಕೇಡಿಯಾದಲ್ಲಿದ್ದ ಫ್ರೆಂಚರು. 1755ರಿಂದ ಬ್ರಿಟಿಷರು ಅವರನ್ನು ಎಬ್ಬಿಸಿ ಓಡಿಸಿದಾಗ ಎಷ್ಟೋ ಮಂದಿ ಅಲ್ಲಿಲ್ಲಿ ಅಲೆದು ಕೊನೆಗೆ ಲೂಯಿಸಿಯಾನದ ಜೌಗು ನೆಲ ಸೇರಿದರು. ಅಲ್ಲಿ ಅವರ ಕೈಗೆ ಸಿಕ್ಕಿದ್ದು ಕ್ರಾಫಿಶ್, ನೋಡಲಿಕ್ಕೆ ಲಾಬ್‌ಸ್ಟರಿನ ಬಡ ತಮ್ಮನಂತಿರುವ ಸಿಹಿನೀರಿನ ಜೀವಿ. ಈಗ ಅಲ್ಲಿನ ರೈತರು ಭತ್ತ ಕೊಯ್ದ ಗದ್ದೆಗೆ ನೀರು ಕಟ್ಟಿ ಇದನ್ನು ಬೆಳೆಸುತ್ತಾರೆ. ಅಘನಾಶಿನಿ ಹೊಳೆಯ ಗಜನಿ ಗದ್ದೆಯಲ್ಲಿ ಕಗ್ಗ ಭತ್ತ ಬೆಳೆದು, ಅದೇ ಗದ್ದೆಯಲ್ಲಿ ಸಿಗಡಿಯನ್ನೂ ಹಿಡಿಯುವ ಕುಮಟೆಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಲೂಯಿಸಿಯಾನದವರು 1983ರಲ್ಲಿ ಕ್ರಾಫಿಶ್ಶನ್ನು ರಾಜ್ಯದ ಅಧಿಕೃತ ಚಿಪ್ಪುಜೀವಿಯೆಂದು ಕಾನೂನು ಮಾಡಿ ಸಾರಿದರು. ನಮ್ಮ ಸರಕಾರ ನೀಲಕಂಠಕ್ಕೆ, ಶ್ರೀಗಂಧಕ್ಕೆ, ಆನೆಗೆಲ್ಲ ಪಟ್ಟ ಕಟ್ಟಿದೆ. ಏಡಿಯ ಪರವಾಗಿ ವಿಧಾನಸೌಧದಲ್ಲಿ ಮಾತಾಡುವವರು ಯಾರೂ ಇಲ್ಲ.

ಹಿತ್ತಲಲ್ಲಿ ಗ್ಯಾಸಿನ ದೊಡ್ಡ ಒಲೆ, ಅದರ ಮೇಲೆ ಮದುವೆ ಮನೆಯ ಹಂಡೆಯಷ್ಟು ಪಾತ್ರೆ. ನೀರು ಮರಳಿದ ಮೇಲೆ ಉಪ್ಪು, ಖಾರ, ಇಡಿಯ ಬೆಳ್ಳುಳ್ಳಿ ಗಡ್ಡೆ, ಆಲೂಗಡ್ಡೆ, ಜೋಳದ ತೆನೆ, ಸಾಸೇಜು ಬಿದ್ದವು. ಆಮೇಲೆ ಗೋಣಿಯಲ್ಲಿ ಮಿಸುಕಾಡುತ್ತಿದ್ದ ಕ್ರಾಫಿಶ್ಶಿನ ಸರದಿ. ಉರಿ ಆರಿಸಿ, ಖಾರ ಹೀರಲಿ ಎಂದು ಅದೇ ನೀರಲ್ಲಿ ನೆನೆಯಲು ಬಿಟ್ಟರು. ಇಲ್ಲಿಯವರೆಗೆ ನನ್ನಾಕೆ ಪರೀಕ್ಷೆಗೆ ಬಂದ ಮೇಲಧಿಕಾರಿಯ ಗತ್ತಿನಲ್ಲಿ ತಲೆಯಾಡಿಸುತ್ತ ನಿಂತಿದ್ದಳು. ಅಷ್ಟರಲ್ಲಿ ಮನೆಯ ಯಜಮಾನ ಒಳಗಿನ ಜಾಲರಿ ಬುಟ್ಟಿಯನ್ನು ಎತ್ತಿ, ಮೇಜಿಗೆ ಹಾಸಿದ ನ್ಯೂಸ್‌ಪೇಪರಿನ ಮೇಲೆ ಎಲ್ಲವನ್ನೂ ಸುರಿದ. (ನಮ್ಮಲ್ಲಿ ಪೇಪರಿನಲ್ಲಿ ಬೋಂಡ ಕಟ್ಟಬೇಡಿ ಎಂದು ಎಫ್‌ಎಸ್‌ಎಸ್‌ಎಐ ಹೇಳಿ ಹೇಳಿ ಸೋತಿದೆ.) ಪಾತ್ರೆಯಲ್ಲಿ ಉಳಿದ ನೀರನ್ನು, ಕ್ರಾಫಿಶ್ಶಿನ ರಸ, ಬೆಳ್ಳುಳ್ಳಿಯ ಸತ್ವ, ಖಾರ ಎಲ್ಲ ಇಳಿದ ಆ ಕೆಂಪು ನೀರನ್ನು, ಮೂಲೆಗೆ ಒಯ್ದು ಚೆಲ್ಲಿಬಿಟ್ಟ.

"ಅಯ್ಯೋ! ಸಾರೇ ಚೆಲ್ಲಿರಲೆ!" ಎಂದು ನನ್ನಾಕೆ ಕೂಗಿದ್ದು ಕನ್ನಡದಲ್ಲಾದ್ದರಿಂದ ಮರ್ಯಾದೆ ಉಳಿಯಿತು. ನಮ್ಮ ಕಡೆ ಮೀನು ತರುವುದೇ ಸಾರಿಗಾಗಿ. ಹೋಳು ಇರುವುದು ಮಕ್ಕಳಿಗೆ, ನೆಂಟರಿಗೆ ಬಡಿಸಿ ದೊಡ್ಡಸ್ತಿಕೆ ತೋರಿಸಲಿಕ್ಕೆ. ಊಟ ನಡೆಯುವುದು ಸಾರಿನಲ್ಲಿ. ಸಾರು ಚೆಲ್ಲಿ ಹೋಳು ತಿನ್ನುವ ಜನ ಚಂದ್ರನ ಮೇಲೆ ಹೋಗಿ ಬಂದದ್ದು ಹೇಗೆಂದು ಅವಳು ರಾತ್ರಿ ಮಲಗುವ ತನಕ ಕೇಳುತ್ತಿದ್ದಳು.

ಈ ಅನ್ಯಾಯಕ್ಕೆ ಮದ್ದು ಕಂಡುಹಿಡಿದವರು ವಿಯೆಟ್ನಾಮಿನವರು ಎಂಬುದು ನನ್ನ ಅಭಿಪ್ರಾಯ. 1975ರಲ್ಲಿ ಸೈಗಾನ್ ಬಿದ್ದ ಮೇಲೆ ನಿರಾಶ್ರಿತರಾಗಿ ಬಂದ ಅವರಲ್ಲಿ ಅನೇಕರು ಗಲ್ಫ್ ಆಫ್ ಮೆಕ್ಸಿಕೊದ ದಡದಲ್ಲಿ ಸಿಗಡಿ ದೋಣಿ ಹಿಡಿದರು, ಹ್ಯೂಸ್ಟನ್ನಿನಲ್ಲಿ ಹೋಟೆಲು ಇಟ್ಟರು. ಬೆಂದ ಕ್ರಾಫಿಶ್ಶನ್ನು ಬರಿದೇ ಬಡಿಸಲು ಅವರಿಗೆ ಮನಸ್ಸು ಬರಲಿಲ್ಲ. ಬೆಳ್ಳುಳ್ಳಿ ಬೆಣ್ಣೆಯಲ್ಲಿ ಹೊರಳಿಸಿದರು. ಕೆಲವರು ನಿಂಬೆಹುಲ್ಲು ಸೇರಿಸಿದರು. 2004ರಲ್ಲಿ ಕ್ಯಾಲಿಫೋರ್ನಿಯಾದ ಗಾರ್ಡನ್ ಗ್ರೋವಿನಲ್ಲಿ ಶುರುವಾದ ಬಾಯ್ಲಿಂಗ್ ಕ್ರ್ಯಾಬ್ ಎಂಬ ಹೋಟೆಲು ಏಡಿ, ಸಿಗಡಿ, ಬೆಣ್ಣೆ ಎಲ್ಲವನ್ನೂ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಕುಲುಕಿ, ಚೀಲವನ್ನೇ ಮೇಜಿಗೆ ತಂದಿಟ್ಟು ಹೆಸರಾಯಿತು. ಆಮೇಲೆ ಯೂಟ್ಯೂಬಿನಲ್ಲಿ ಕ್ಯಾಮೆರಾದ ಮುಂದೆ ಕೂತು ರಾಶಿ ರಾಶಿ ಏಡಿಕಾಲು ಮುರಿದು ತಿನ್ನುವವರು ಬಂದರು. ಅದನ್ನು ನೋಡಿ ಬಾಯಲ್ಲಿ ನೀರೂರಿಸಿಕೊಂಡವರಿಗೆ ಹಿತ್ತಲೂ ಇಲ್ಲ, ಹಂಡೆಯೂ ಇಲ್ಲ. ಇದ್ದದ್ದು ಟರ್ಕಿ ಕೋಳಿಯ ಚೀಲ.

ಚೀಲಕ್ಕೆ ಅದರದೇ ಮಡಿ ಮೈಲಿಗೆ ಇದೆ. ಅದು ಬಿಸಿ ತಡೆಯುವ ನೈಲಾನಿನದು. 400 ಡಿಗ್ರಿ ಫ್ಯಾರನ್‌ಹೀಟ್, ಎಂದರೆ ಸುಮಾರು 204 ಸೆಲ್ಸಿಯಸ್ ದಾಟಬಾರದು. ಓವನ್ನಿನ ಗೋಡೆ ಮುಟ್ಟಬಾರದು, ಸರಳು ಮುಟ್ಟಬಾರದು. ಮೊದಲು ಒಂದು ಚಮಚ ಮೈದಾ ಹಾಕಿ ಕುಲುಕಬೇಕು. ಬೆಣ್ಣೆಯನ್ನೂ ರಸವನ್ನೂ ಅದು ಹೊಂದಿಸುತ್ತದೆ, ಚೀಲ ಒಡೆಯದಂತೆಯೂ ನೋಡಿಕೊಳ್ಳುತ್ತದೆ. ಬಾಯಿ ಕಟ್ಟಿದ ಮೇಲೆ ಹಬೆ ಹೋಗಲು ಮೇಲ್ಗಡೆ ಅರ್ಧ ಇಂಚಿನ ಆರು ಸೀಳು ಹಾಕಬೇಕು. ನಮ್ಮ ಅಳಿಯನಿಗೆ ತೈಲ ಕಂಪನಿಯೊಂದರಲ್ಲಿ ಪೈಪುಗಳ ಒತ್ತಡ ಲೆಕ್ಕ ಹಾಕುವ ಕೆಲಸ. ಸೀಳಿನ ಜವಾಬ್ದಾರಿ ಅವನಿಗೇ ಹೋಯಿತು. ಮನೆಯಲ್ಲಿ ಸ್ಕೇಲು ಹುಡುಕಲು ಹಿಡಿದ ಹೊತ್ತಿನಲ್ಲಿ ಗಂಗೊಳ್ಳಿಯಲ್ಲಾದರೆ ಊಟ ಮುಗಿಸಿ ಕೈ ತೊಳೆದಿರುತ್ತಿದ್ದರು.

"ಅತ್ತೆ, ಸೀಳು ಜಾಸ್ತಿಯಾದ್ರೆ ಒಣಗುತ್ತೆ, ಕಮ್ಮಿಯಾದ್ರೆ ಸಿಡಿಯುತ್ತೆ" ಎಂದು ಅವನು ಗಂಭೀರವಾಗಿ ತಿಳಿಸಿದ. ಅವನು ಮಂಡ್ಯದವನು. ಕುರಿಯ ವಿಷಯದಲ್ಲಿ ನಿರ್ಭಯ, ಏಡಿಯನ್ನು ಕಂಡರೆ ಒಂದು ಹೆಜ್ಜೆ ಹಿಂದೆ.

ಅವನು ಹೆದರಬೇಕಾದ್ದಿರಲಿಲ್ಲ. ಅಮೆರಿಕದ ಅಂಗಡಿಯಿಂದ ಬಂದ ಸ್ನೋ ಕ್ರ್ಯಾಬಿಗೆ ಕಾಲುಗಳು ಮಾತ್ರ, ಗೊಂಚಲು ಗೊಂಚಲಾಗಿ. ಹಿಡಿದ ಮೇಲೆ ಬೇಯಿಸಿ, ಹೆಪ್ಪುಗಟ್ಟಿಸಿ, ಆಮೇಲೆಯೇ ಮಾರುವುದು. "ಇದ್ರ್ ಹೊಟ್ಟಿ ಎಲ್ಲಿತ್?" ಎಂದು ನನ್ನಾಕೆ ಪೊಟ್ಟಣ ತಿರುಗಿಸಿ ನೋಡಿದಳು. ಆಲೂಗಡ್ಡೆಯನ್ನೂ ಮೊದಲೇ ಬೇಯಿಸಿಟ್ಟುಕೊಳ್ಳಬೇಕು. ಸಿಗಡಿ ಬೇಯುವ ಹೊತ್ತಿಗೆ ಅದು ಬೇಯುವುದಿಲ್ಲ. ಸಾಸೇಜು ಬೆಂದೇ ಬಂದಿರುತ್ತದೆ. ಒಟ್ಟಿನಲ್ಲಿ ಓವನ್ನಿಗೆ ಉಳಿದ ಕೆಲಸ ಸಿಗಡಿಯದು, ಪಚ್ಚಿಲೆ ಚಿಪ್ಪಿನದು. ಬಾಯಿ ಬಿಡದ ಪಚ್ಚಿಲೆಯನ್ನು ತಿನ್ನಬಾರದು ಎಂಬಲ್ಲಿ ಮಾತ್ರ ಅಮೆರಿಕಕ್ಕೂ ಗಂಗೊಳ್ಳಿಗೂ ಪೂರ್ಣ ಸಹಮತವಿದೆ.

ಜಗಳ ಬಂದದ್ದು ಮಸಾಲೆಗೆ. ಮಗಳ ಹತ್ತಿರ ಎರಡು ಬಗೆ ಇತ್ತು. ಲೂಯಿಸಿಯಾನದ್ದರಲ್ಲಿ ಸಾಸಿವೆ, ಕೊತ್ತಂಬರಿ, ಸಬ್ಬಸಿಗೆ ಬೀಜ, ಪಲಾವ್ ಎಲೆಯ ಜಾತಿಯ ಎಲೆ, ಎಲ್ಲ ಒಂದು ಪುಟ್ಟ ಚೀಲದಲ್ಲಿ ಇಡಿಯಾಗಿಯೇ ಇದ್ದವು. ಇಡೀ ಕೊತ್ತಂಬರಿಯನ್ನು ಹುರಿಯದೆ, ಅರೆಯದೆ, ನೀರಲ್ಲಿ ಅದ್ದಿ ಎಸೆಯುತ್ತಾರೆಂದು ತಿಳಿದಾಗ ನನ್ನಾಕೆ ಮಾತಾಡಲಿಲ್ಲ, ಕೈ ಮುಗಿದಳು. ಇನ್ನೊಂದು ಹಳದಿ ಡಬ್ಬಿಯ ಓಲ್ಡ್ ಬೇ. ನಾಜಿಗಳ ಸೆರೆಯಿಂದ ಪಾರಾಗಿ ಬಾಲ್ಟಿಮೋರ್ ಸೇರಿದ ಗುಸ್ಟಾವ್ ಬ್ರನ್ ಎಂಬ ಯಹೂದಿ ಮಸಾಲೆ ವ್ಯಾಪಾರಿ 1939ರಲ್ಲಿ ಅಲ್ಲಿನ ಏಡಿಗೆಂದೇ ಹದ ಮಾಡಿದ ಪುಡಿ ಅದು. ಜರ್ಮನಿಯಿಂದ ಬರುವಾಗ ಅವನು ಮಸಾಲೆ ಬೀಸುವ ಸಣ್ಣ ಯಂತ್ರವನ್ನು ಜೊತೆಗೆ ತಂದಿದ್ದನಂತೆ. ವಿಮಾನದಲ್ಲಿ ಮಿಕ್ಸಿ ಜಾರು ಹೊತ್ತು ಬಂದಿದ್ದ ನನ್ನಾಕೆಗೆ ಇದು ಹಿಡಿಸಿತು. "ಹಂಗಾರ್ ಅಡ್ಡಿಲ್ಲ" ಎಂದಳು. ಆದರೂ ಬ್ಯಾಡಗಿ ಮೆಣಸು, ಮೆಂತೆ, ಕಾಳುಮೆಣಸು ಹಾಕಿ ಊರಲ್ಲಿ ಹುರಿದು ಪುಡಿ ಮಾಡಿಸಿ ತಂದ ತನ್ನ ಬಾಟಲಿ ತೆಗೆದು, ತನಗೆ ಬೇರೆ ತೊಟ್ಟೆ ಬೇಕೆಂದಳು. ಮಗಳದೊಂದು, ತಾಯಿಯದೊಂದು, ಒಂದೇ ತಟ್ಟೆಯಲ್ಲಿ ಅಕ್ಕಪಕ್ಕ ಓವನ್ ಹೊಕ್ಕವು. ಬೆಣ್ಣೆಗೆ ಮಾತ್ರ ಇಬ್ಬರೂ ಸಮನಾಗಿ ಕೈ ಬಿಚ್ಚಿದ್ದರು.

ಚೀಲದ ನಿಜವಾದ ಉಪಕಾರ ತಿಳಿದದ್ದು ಆಮೇಲೆ. ಆ ಅಪಾರ್ಟ್‌ಮೆಂಟಿನಲ್ಲಿ ಬಂಗುಡೆ ಹುರಿಯುವುದೆಂದರೆ ಒಂದು ಕಾರ್ಯಾಚರಣೆ. ಕಿಟಕಿ ತೆರೆಯಬೇಕು, ಫ್ಯಾನು ಹಾಕಬೇಕು, ಹೊಗೆಯ ಅಲಾರಮ್ಮಿನ ಕೆಳಗೆ ಒಬ್ಬರು ಟವೆಲು ಬೀಸುತ್ತ ನಿಲ್ಲಬೇಕು. ಆ ಕೆಲಸ ನನ್ನದು. ಈಗ ನೋಡಿದರೆ ಕಾರಿಡಾರಿಗೆ ಸುದ್ದಿಯೇ ಇಲ್ಲ. ಸೀಳುಗಳಿಂದ ಬೆಳ್ಳುಳ್ಳಿ ಬೆಣ್ಣೆಯ ಪರಿಮಳ ಅಷ್ಟಿಷ್ಟು ಬಂತು, ಅಷ್ಟೆ. ಇದರಿಂದ ಅಳಿಯನಿಗೆ ನೆಮ್ಮದಿ, ನನ್ನಾಕೆಗೆ ಕಳವಳ. ಏಡಿ ಬೇಯುವುದು ನಾಲ್ಕು ಮನೆಗೆ ಗೊತ್ತಾಗದಿದ್ದರೆ ಅದು ಬೆಂದಿದೆ ಎಂದು ನಂಬುವುದು ಹೇಗೆ?

ಬೆಂದಿತ್ತು. ಕತ್ತರಿಸಿದ ಚೀಲಗಳಿಂದ ಹಬೆ ಭುಗ್ಗೆಂದು ಎದ್ದಾಗ ಇಡೀ ಮನೆ ಗಂಗೊಳ್ಳಿಯಾಯಿತು. ಅಳಿಯ ಕೈಗವಸು ಹಾಕಿಕೊಂಡು ಕೂತ. ಮಗಳ ಚೀಲದಲ್ಲಿ ಮೊದಲು ಮುಗಿದದ್ದು ಹೋಳು, ತಾಯಿಯ ಚೀಲದಲ್ಲಿ ಮೊದಲು ಮುಗಿದದ್ದು ಸಾರು. ಎರಡರಲ್ಲಿಯೂ ಒಂದು ತೊಟ್ಟು ಚೆಲ್ಲಲಿಲ್ಲ. ಚೆಲ್ಲಲಿಕ್ಕೆ ಚೀಲ ಬಿಡುವುದೇ ಇಲ್ಲ. ಸಿಗಡಿಯ ರಸ, ಪಚ್ಚಿಲೆಯ ಉಪ್ಪು ನೀರು, ಜೋಳದ ಸಿಹಿ ಎಲ್ಲ ಇಳಿದು ಬೆಣ್ಣೆಯೊಡನೆ ತಳದಲ್ಲಿ ನಿಂತಿರುತ್ತದೆ. ಹಂಡೆಯ ಅಮೆರಿಕಕ್ಕಿಂತ ತೊಟ್ಟೆಯ ಅಮೆರಿಕ ಎಷ್ಟೋ ಮೇಲು ಎಂದು ನನ್ನಾಕೆ ಅಲ್ಲಿಯೇ ತೀರ್ಪು ಕೊಟ್ಟಳು. ಅದಕ್ಕೆ ನನ್ನ ತಕರಾರಿಲ್ಲ. ಈಚೆ ದಡದವರ ತಕರಾರನ್ನು ಹೇಗೂ ಯಾರೂ ದಾಖಲಿಸುವುದಿಲ್ಲ.

ಮಾಡಿ ನೋಡುವವರಿಗೆ ಇಷ್ಟು ಹೇಳಬೇಕು. ತರಕಾರಿ ತರುವ ತೊಟ್ಟೆಯಲ್ಲಿ ಈ ಸಾಹಸ ಖಂಡಿತ ಬೇಡ, ಅದು ಕರಗಿ ಏಡಿಗೆ ಮೆತ್ತಿಕೊಳ್ಳುತ್ತದೆ. ಓವನ್ನಿಗೆಂದೇ ಮಾಡಿದ ಚೀಲವೇ ಬೇಕು. ಬಿಚ್ಚುವಾಗ ಮುಖ ದೂರ ಇರಲಿ. ಮತ್ತು ಕುಚ್ಚಲಕ್ಕಿಯನ್ನು ಚೀಲ ಕಟ್ಟುವ ಮೊದಲೇ ಒಲೆಗೆ ಇಡಿ. ಅದು ಬೇಯಲಿಕ್ಕೆ ಏಡಿಗಿಂತ ಹೆಚ್ಚು ಹೊತ್ತು ಬೇಕು.