ಪುಲಕೇಶಿ ಖಾಲಿ, ಶಿವಾಜಿ ಅದಾನ

ರಾತ್ರಿ ಒಂಬತ್ತಕ್ಕೆ ರೊಟ್ಟಿ ಮುರಿಯುತ್ತ ಕೂತಾಗ ಮಗ ಬಾಂಬ್ ಹಾಕಿದ: ‘ಅಪ್ಪಾ, ನಾಳೆ ಇಮ್ಮಡಿ ಪುಲಕೇಶಿ ಬೇಕು.’ ಎಂಟನೆಯ ತರಗತಿ, ಸಮಾಜ ವಿಜ್ಞಾನ. ನಾಡಿನ ವೀರರನ್ನು ಮಕ್ಕಳು ಕೈಯಾರೆ ಮಾಡಿ ಕಲಿಯಬೇಕಂತೆ. ಹತ್ತು ಅಂಕ. ಕಲಿಕೆ ಮಗಂದು, ಕೈ ಅಪ್ಪಂದು. ರೊಕ್ಕ ಯಾರದೆಂದು ಬೇರೆ ಹೇಳಬೇಕಿಲ್ಲ.

ಇಳಕಲ್ಲಿನ ಪೇಟೆಗೆ ಗಾಡಿ ಬಿಟ್ಟೆ. ಅಂಗಡಿಯವರು ಶಟರ್ ಅರ್ಧ ಎಳೆದಿದ್ದರು. ನನ್ನ ಮುಖ ಕಂಡದ್ದೇ ತಡ, ರೋಗ ಗುರುತಿಸಿಬಿಟ್ಟರು. ‘ಪ್ರಾಜೆಕ್ಟ್ ಹೌದಲ್ರಿ? ಪುಲಕೇಶಿ ಖಾಲಿ ಆಗ್ಯಾನ್ರಿ. ನಾಳೆ ಬಾಗಲಕೋಟೆಯಿಂದ ಮಾಲು ಬರ್ತೈತಿ. ಈಗ ಶಿವಾಜಿ ಅದಾನ, ಕೊಡ್ಲೇನು?’ ನಾನು ತಡವರಿಸಿದೆ. ‘ಏನೂ ಆಗಂಗಿಲ್ರಿ ಸರ್. ತೆಲಿ ಮ್ಯಾಲ ಬಂಗಾರದ ಕಾಗದದ ಕಿರೀಟ ಅಂಟಸ್ರಿ, ಪುಲಕೇಶಿ ಆಗ್ತಾನ. ಇನ್ನೊಂದು ಪ್ರತಿ ಒಯ್ದ್ರ ಹರ್ಷನೂ ಆಗ್ತಾನ.’

ಹೌದಲ್ಲ! ಅಜಂತಾದ ಒಂದನೆಯ ಗುಹೆಯ ದರ್ಬಾರಿನ ಚಿತ್ರದಲ್ಲಿರುವವನು ಪುಲಕೇಶಿಯೋ ಅಲ್ಲವೋ ಎಂದು ಪಂಡಿತರು ನೂರು ವರ್ಷದ ಮೇಲಾಯಿತು, ಇನ್ನೂ ಜಗಳಾಡುತ್ತಿದ್ದಾರೆ. ಅಂಗಡಿಯವರು ಅಂಟು, ಕತ್ತರಿಯಲ್ಲಿ ತೀರ್ಪು ಕೊಟ್ಟರು.

ಶಿವಾಜಿಯನ್ನೇ ಕೊಂಡು ಬಂದು ಹನ್ನೊಂದರ ತನಕ ಥರ್ಮಾಕೋಲ್ ಕೊರೆದೆ. ನೀಲಿ ಗ್ಲಿಟರ್ ಸುರಿದೆ, ಪುಲಕೇಶಿ ಹರ್ಷನನ್ನು ತಡೆದ ನರ್ಮದೆ ಹರಿಯಿತು. ಆನೆ ಮಾಡಲು ಹೋದೆ, ಹಂದಿಯಾಯಿತು. ಸೊಂಡಿಲು ಉದ್ದ ಮಾಡಿ ಮರ್ಯಾದೆ ಉಳಿಸಿಕೊಂಡೆ. ಗ್ಲೂ ಗನ್ ಹೆಬ್ಬೆರಳು ಸುಟ್ಟಿತು. ಮಗ ಅಲ್ಲೇ ಚಾಪೆ ಮೇಲೆ ಗೊರಕೆ ಹೊಡೆಯುತ್ತ ಕೈಯಾರೆ ಕಲಿಯುತ್ತಿದ್ದ. ಕೊನೆಗೆ ‘ತಯಾರಿಸಿದವರು’ ಎಂದು ಬರೆದು ಅವನ ಹೆಸರು ಹಾಕಿದೆ, ಎಡಗೈಯಲ್ಲಿ. ಬಲಗೈಯಲ್ಲಿ ಬರೆದರೆ ಅಕ್ಷರ ದುಂಡಗಾಗಿ ಅಪ್ಪಂದೆಂದು ಗೊತ್ತಾಗುತ್ತದೆ.

ನಮ್ಮ ಹುನಗುಂದ ತಾಲ್ಲೂಕಿನ ಐಹೊಳೆಯಲ್ಲಿ, ಮೇಗುತಿ ಗುಡ್ಡದ ಬಸದಿಯ ಗೋಡೆಯ ಮೇಲೆ, ಕವಿ ರವಿಕೀರ್ತಿಯೂ ಕ್ರಿ.ಶ. 634ರಲ್ಲಿ ಇದೇ ಪುಲಕೇಶಿಯ ಮೇಲೆ ಪ್ರಾಜೆಕ್ಟ್ ಮಾಡಿದ್ದ. ಕೊನೆಗೆ ತಾನು ಕಾಳಿದಾಸ, ಭಾರವಿಯರಿಗೆ ಸಮ ಎಂದು ತನಗೆ ತಾನೇ ಅಂಕ ಹಾಕಿಕೊಂಡ. ಹಾಕಿಕೊಳ್ಳಲಿ, ಪದ್ಯವನ್ನಾದರೂ ಅವರಪ್ಪ ಬರೆದುಕೊಟ್ಟಿರಲಿಲ್ಲ. ಪುಲಕೇಶಿ ತನ್ನ ಚಿಕ್ಕಪ್ಪ ಮಂಗಳೇಶನ ಕೂಡ ಕಾದಾಡಿ ಗದ್ದುಗೆ ಹಿಡಿದದ್ದನ್ನೂ ಅವನು ಮುಚ್ಚಿಡಲಿಲ್ಲ. ನಮ್ಮ ಥರ್ಮಾಕೋಲಿನಲ್ಲಿ ಚಿಕ್ಕಪ್ಪನಿಗೆ ಜಾಗವಿಲ್ಲ. 642ರಲ್ಲಿ ಪಲ್ಲವ ನರಸಿಂಹವರ್ಮ ಬಾದಾಮಿಗೇ ನುಗ್ಗಿ ಅಲ್ಲಿನ ಬಂಡೆಯ ಮೇಲೆ ತನ್ನ ಶಾಸನ ಕೊರೆಸಿದ್ದಕ್ಕಂತೂ ಮೊದಲೇ ಇಲ್ಲ. ಸೋತರೆ ಅಂಕ ಕೊಡುವವರು ಯಾರು?

ಬಾದಾಮಿಗೆ ಹೋದ ವರ್ಷ ಶಾಲೆಯ ಟ್ರಿಪ್ ಹೋಗಿತ್ತು. 578ರ ಮಂಗಳೇಶನ ಗುಹೆಯಿಂದ ಮಗನಿಗೆ ನೆನಪಿರುವುದು ಮಂಗ ಮಾತ್ರ; ಚುರುಮುರಿ ಪೊಟ್ಟಣ ಕಸಿದುಕೊಂಡು ಓಡಿತಂತೆ.

ಅಂಗಡಿಯವರನ್ನು ಒಂದು ಮಾತು ಕೇಳಿದ್ದೆ: ಪಟ್ಟದಕಲ್ಲಿನ ವಿರೂಪಾಕ್ಷ ಗುಡಿ ಕಟ್ಟಿದ ಗುಂಡ ಅನಿವಾರಿತಾಚಾರಿಯ ಹೆಸರು ಆ ಗುಡಿಯ ಕಲ್ಲಿನ ಮೇಲೇ ಇದೆ, ಅವನ ಚಾರ್ಟ್ ಯಾಕಿಲ್ಲ? ‘ಅವನ ಕೈಯಾಗ ಕತ್ತಿ ಐತೇನ್ರಿ? ಕತ್ತಿ ಇಲ್ದಾವ ಓಡಂಗಿಲ್ರಿ ಸರ್.’

ಹಾಗೆಂದು ನಮ್ಮ ಹುಡುಗನ ಕೈಗೆ ಏನೂ ಬರುವುದಿಲ್ಲ ಎನ್ನಬೇಡಿ. ಪಕ್ಕದ ಮನೆಯ ಮಗ್ಗದಲ್ಲಿ ಅಜ್ಜಿಯ ಪಕ್ಕ ಕೂತು ಕೊಂಡಿ ಹಾಕುತ್ತಾನೆ. ಸೀರೆಯ ಒಡಲಿನ ಹಾಸನ್ನೂ ಸೆರಗಿನ ಕೆಂಪು ರೇಷ್ಮೆ ಹಾಸನ್ನೂ ಎಳೆ ಎಳೆಯಾಗಿ ಕುಣಿಕೆ ಹಾಕಿ ಜೋಡಿಸುವ ಕೆಲಸ. ಒಂದು ಎಳೆ ತಪ್ಪಿದರೂ ಸೆರಗು ಕೆಡುತ್ತದೆ. ಅವನು ತಪ್ಪಿಸುವುದಿಲ್ಲ. ಇದನ್ನೇ ಪ್ರಾಜೆಕ್ಟಿಗೆ ಒಯ್ಯಲೇ ಎಂದು ಶಾಲೆಯಲ್ಲಿ ಕೇಳಿದನಂತೆ. ‘ಅದು ಮನಿ ಕೆಲಸ, ಕಲಿಕೆ ಅಲ್ಲ’ ಅಂದರಂತೆ.

ಹತ್ತಕ್ಕೆ ಒಂಬತ್ತು ಬಂತು. ಒಂದು ಅಂಕ ಹೋದದ್ದು ಮೀಸೆ ಸಣ್ಣದಾಯಿತೆಂದು. ಮುಂದಿನ ತಿಂಗಳು ಕಿತ್ತೂರು ಚೆನ್ನಮ್ಮ. ನಾನು ಮುಂಗಡ ಕೊಟ್ಟು ಬಂದಿದ್ದೇನೆ. ನೀವೂ ಜಲ್ದಿ ಮಾಡಿ, ಹತ್ತೇ ಚಾರ್ಟ್ ತರಿಸುತ್ತಾರಂತೆ.