ಅಂಟಣ್ಣ

ಬೈಕು ಬಿದ್ದರೆ ಸವಾರನ ಮಂಡಿ ನೋಡುವವರು ಕೆಲವರು, ಬೈಕಿನ ಸೈಡ್ ಪ್ಯಾನಲ್ ನೋಡುವವರು ಕೆಲವರು. ಅಂಟಣ್ಣ ಎರಡನೆಯ ಗುಂಪಿನವರು. ಹೆಸರು ಹೆತ್ತವರಿಟ್ಟದ್ದಲ್ಲ, ಬಡಾವಣೆಯ ಹುಡುಗರು ದಯಪಾಲಿಸಿದ್ದು. “ಎಲ್ಲಿ ಸೀಳಿದೆ, ತೋರ್ಸು” ಎಂದು ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸುವಾಗ ಅವರ ಮುಖಕ್ಕೆ ಬರುವ ಕಳೆ, ಸಾವಿರ ಎಲೆಯ ಮದುವೆ ಒಪ್ಪಿಕೊಂಡ ಅಡುಗೆ ಭಟ್ಟರಿಗೂ ಬಂದೀತೋ ಇಲ್ಲವೋ.

ಇಂಥವರು ರಾಜಾಜಿನಗರದಲ್ಲೂ ಇದ್ದಾರೆ, ಮೈಸೂರಿನ ಕುವೆಂಪುನಗರದಲ್ಲೂ ಇದ್ದಾರೆ. ಜೆ.ಸಿ. ರಸ್ತೆಗೆ ಹೋದರೆ ಹೊಸ ಪ್ಯಾನಲ್ಲೇ ಸಿಗುತ್ತದಲ್ಲ ಎಂದು ಅವರೆದುರು ಹೇಳಕೂಡದು. ಅವರಿಗೆ ಅದು ನೆಗಡಿಗೆ ಮೂಗು ಕೊಯ್ಯುವ ಸಲಹೆ.

ಮೊದಲು ಪ್ಯಾನಲ್ಲನ್ನು ಬೋರಲು ಹಾಕಿ ಹಿಂಬದಿಯಲ್ಲಿ ಪ್ಲಾಸ್ಟಿಕ್ಕಿನ ಜಾತಿ ಹೇಳುವ ಅಚ್ಚಕ್ಷರ ಹುಡುಕುತ್ತಾರೆ. ಎಬಿಎಸ್ ಎಂದಿದ್ದರೆ ಮುಖ ಅರಳುತ್ತದೆ, ಏಕೆಂದರೆ ಅದು ಅಸಿಟೋನಿನಲ್ಲಿ ಕರಗುತ್ತದೆ. ಪಿಪಿ ಎಂದಿದ್ದರೆ ಸಾಮಾನ್ಯ ಅಂಟು ಯಾವುದೂ ಸರಿಯಾಗಿ ಹಿಡಿಯದು, ಕಾಯಿಸಿಯೇ ಬೆಸೆಯಬೇಕು.

“ಅಂಕಲ್, ಬ್ರೇಕಲ್ಲಿ ಎಬಿಎಸ್ ಇದ್ದಿದ್ರೆ ಬಾಡಿಲಿರೋ ಎಬಿಎಸ್ ಒಡೀತಿರ್ಲಿಲ್ಲ ಅಲ್ವಾ?” ಎಂದು ಗಾಡಿ ಬೀಳಿಸಿಕೊಂಡ ಹುಡುಗ ಕೇಳಿದರೆ ಅವರಿಗೆ ಕೇಳಿಸುವುದಿಲ್ಲ. ಆ ಹೊತ್ತಿಗೆ ಡ್ರಿಲ್ ಶುರುವಾಗಿರುತ್ತದೆ. ಸೀಳು ಮುಗಿಯುವ ತುದಿಯಲ್ಲಿ 3 ಮಿ.ಮೀ. ತೂತು. ಒಡೆದದ್ದಕ್ಕೇ ಮತ್ತೆ ತೂತು ಕೊರೆಯುವುದು ನೋಡಿ ಹುಡುಗನ ಎದೆ ಝಲ್ಲೆನ್ನುತ್ತದೆ. ಆದರೆ ಇದರಲ್ಲಿ ಅಂಟಣ್ಣನದೇ ಸರಿ: ಚೂಪು ತುದಿಯಲ್ಲಿ ಒತ್ತಡವೆಲ್ಲ ಒಂದೇ ಕಡೆ ಸೇರಿ ಸೀಳು ಮುಂದಕ್ಕೆ ಓಡುತ್ತದೆ, ದುಂಡನೆಯ ತೂತು ಸಿಕ್ಕರೆ ಆ ಒತ್ತಡ ಹಂಚಿಹೋಗುತ್ತದೆ.

ಆಮೇಲೆ ಲೇಪ. ಎಬಿಎಸ್ ಚೂರುಗಳನ್ನು ಅಸಿಟೋನಿನಲ್ಲಿ ನೆನೆಸಿಟ್ಟರೆ ದೋಸೆ ಹಿಟ್ಟಿನ ಹದಕ್ಕೆ ಬರುತ್ತದೆ. ಚೂರು ಎಲ್ಲಿಂದ ತರಬೇಕು? ಲೆಗೊ ಇಟ್ಟಿಗೆಗಳನ್ನು 1963ರಿಂದ ಎಬಿಎಸ್‌ನಿಂದಲೇ ಮಾಡುತ್ತಿದ್ದಾರೆ ಎಂಬುದು ಅಂಟಣ್ಣನಿಗೆ ಗೊತ್ತು. ತನ್ನ ಕಪ್ಪು ಇಟ್ಟಿಗೆಗಳು ಯಾಕೆ ಕಮ್ಮಿಯಾಗುತ್ತಿವೆ ಎಂಬುದು ಮೊಮ್ಮಗನಿಗೆ ಇನ್ನೂ ಗೊತ್ತಿಲ್ಲ.

ಅವಸರದ ಕೇಸಿಗೆ ಫೆವಿಕ್ವಿಕ್ ಮತ್ತು ಅಡುಗೆ ಸೋಡಾ. ಸೋಡಾ ಉದುರಿಸಿ ಹನಿ ಬಿಟ್ಟರೆ ಹೊಗೆಯಾಡಿ ಕ್ಷಣದಲ್ಲಿ ಕಲ್ಲು. ಈ ಜಾತಿಯ ಅಂಟು 1942ರಲ್ಲಿ, ಬಂದೂಕಿನ ಗುರಿಗೆ ಪಾರದರ್ಶಕ ಪ್ಲಾಸ್ಟಿಕ್ ಹುಡುಕುತ್ತಿದ್ದ ಅಮೆರಿಕದ ಹ್ಯಾರಿ ಕೂವರ್ ಕೈಗೆ ಸಿಕ್ಕಿದ್ದು. ಮುಟ್ಟಿದ್ದಕ್ಕೆಲ್ಲ ಅಂಟುತ್ತದೆ, ಪ್ರಯೋಜನವಿಲ್ಲ ಎಂದು ಆಗ ಬದಿಗಿಟ್ಟರು. ಅಂಗಡಿಗೆ ಬಂದದ್ದು 1958ರಲ್ಲಿ. ಅಂಟಣ್ಣ ಈ ಕಥೆ ಹೇಳುವುದು ಸಾಮಾನ್ಯವಾಗಿ ತಮ್ಮ ಹೆಬ್ಬೆರಳು ಪ್ಯಾನಲ್ಲಿಗೆ ಅಂಟಿಕೊಂಡಿರುವಾಗ.

“ಲೇ, ಆ ನೇಲ್ ಪಾಲಿಶ್ ತೆಗೆಯೋದು ತಗೊಂಬಾರೇ.”

“ಬಂದೆ ಇರಿ. ಅಯ್ಯೋ, ಇದರಲ್ಲಿ ಅಸಿಟೋನ್ ಇಲ್ಲ ಅಂತ ಬರೆದಿದೆಯಲ್ರೀ!”

“ಮತ್ತೆ ಯಾಕೆ ತಂದೆ ಅದನ್ನ?”

“ನನ್ನ ಉಗುರಿಗೆ!”

ಅಂಟಣ್ಣ ಬ್ಯಾಂಕಿನಲ್ಲಿ ಲೆಕ್ಕ ನೋಡಿ ನಿವೃತ್ತರಾದವರು. ಹೊಸ ಪ್ಯಾನಲ್ಲಿಗೆ 600 ರೂಪಾಯಿ, ತಾವು ಮಾಡಿದ್ದಕ್ಕೆ 35 ರೂಪಾಯಿ, ಉಳಿತಾಯ 565 ಎಂದು ಡೈರಿಯಲ್ಲಿ ಬರೆದಿಡುತ್ತಾರೆ. ಡ್ರಿಲ್ ಮಷೀನು, ಸ್ಟೇಪ್ಲರ್ ಪಿನ್ನು ಕಾಯಿಸಿ ಹಿಂಬದಿಗೆ ಹೂಳುವ ಸಾಲ್ಡರಿಂಗ್ ಐರನ್ನು, ನಾಲ್ಕು ನಂಬರಿನ ವಾಟರ್ ಪೇಪರು, ಒಮ್ಮೆ ಉಗುಳಿ ಮೂತಿ ಕಟ್ಟಿಕೊಂಡ ಸ್ಪ್ರೇ ಡಬ್ಬಗಳು ಡೈರಿಗೆ ಇಳಿಯುವುದಿಲ್ಲ. ಕೇಳಿದರೆ, “ಅದು ಬಂಡವಾಳ ಕಣಯ್ಯ, ಖರ್ಚಲ್ಲ.”

ಇಷ್ಟೆಲ್ಲ ಆಗಿ ಪ್ಯಾನಲ್ಲನ್ನು ಗಾಡಿಗೆ ಕೂರಿಸುವುದೇ ನಿಜವಾದ ಗಂಡಾಂತರ. ಹಿಂಬದಿಯ ಗೂಟಗಳು ಗಾಡಿಯ ರಬ್ಬರ್ ಬುಷ್‌ಗಳೊಳಗೆ ನೆಟ್ಟಗೆ ಇಳಿಯಬೇಕು. ರಬ್ಬರು ಒಣಗಿ ಬಿಗಿದಿರುತ್ತದೆ. ಒಂದು ತೊಟ್ಟು ಸೋಪಿನ ನೀರು ಸಾಕು, ಅದು ಅವರಿಗೂ ಗೊತ್ತು. ಆದರೂ ಗೆದ್ದ ಉತ್ಸಾಹದಲ್ಲಿ ಅಂಗೈಯಿಂದ ಒಂದು ಗುದ್ದು ಗುದ್ದುತ್ತಾರೆ. ಟಪ್! ಬೆಸೆದ ಜಾಗ ಅಲ್ಲಾಡುವುದಿಲ್ಲ, ಅದರ ಪಕ್ಕದ್ದು ಹೋಗಿರುತ್ತದೆ. “ನೋಡ್ದಾ, ನಾನು ಮಾಡಿದ್ದು ಹೆಂಗೆ ನಿಂತಿದೆ!”

ಬಣ್ಣವಂತೂ ಎಂದೂ ಕೂಡಿಬಂದಿಲ್ಲ. ಅದಕ್ಕವರ ಪರಿಹಾರ ಸ್ಟಿಕ್ಕರು. ಅವರ ಸ್ವಂತ ಗಾಡಿಯ ಮೇಲೆ ಎಲ್ಲೆಲ್ಲಿ ಬೆಸುಗೆಯೋ ಅಲ್ಲೆಲ್ಲ ಅರಿಶಿನ-ಕುಂಕುಮ ಬಣ್ಣದ ಬಾವುಟ. ಮಡ್‌ಗಾರ್ಡಿನ ಮೇಲೊಂದು, ಹೆಡ್‌ಲೈಟಿನ ಡೂಮ್ ಮೇಲೆರಡು, ಎಡಗಡೆ ಸಾಲಾಗಿ. ಇದನ್ನು ಕಂಡು ಮನಸೋತ ಕನ್ನಡ ಸಂಘದ ಹುಡುಗರು ನವೆಂಬರಿನ ಬೈಕ್ ರ‍್ಯಾಲಿಗೆ ನೀವೇ ಮುಂದಾಳಾಗಬೇಕು ಎಂದು ಮನೆಗೇ ಬಂದು ಕೇಳಿದ್ದಾರೆ. ಅಂಟಣ್ಣ ಒಪ್ಪಿದ್ದಾರೆ. ಹಂಪ್ ಇಲ್ಲದ ರಸ್ತೆ ನೋಡಿ ಎಂದಷ್ಟೇ ಷರತ್ತು.