ಹಾದ್ಯಾಗೇ ಅದ

ತಾವು ಹೊರಟ ದಾರಿಯಲ್ಲಿಯೇ ಜಗತ್ತಿನ ಸಮಸ್ತ ಊರುಗಳೂ ಇವೆಯೆಂದು ಮನಃಪೂರ್ವಕವಾಗಿ ನಂಬಿದ ಮಹನೀಯರೊಬ್ಬರು ನಮ್ಮ ಕಲಬುರಗಿಯ ಪ್ರತಿಯೊಂದು ಓಣಿಯಲ್ಲಿಯೂ ಇದ್ದೇ ಇರುತ್ತಾರೆ. ಮದುವೆಯಿರಲಿ, ಜಾತ್ರೆಯಿರಲಿ, ವಾಹನ ಗೊತ್ತುಮಾಡುವವರು ಅವರೇ. ಬುತ್ತಿ ಕಟ್ಟಿಸುವವರು, ಕಿಟಕಿಯ ಬಳಿ ಯಾರು ಕೂಡಬೇಕೆಂದು ವಿಧಿಸುವವರು, ಎಲ್ಲರೂ ಹೊರಟುನಿಂತ ಮೇಲೆ ಸ್ನಾನಕ್ಕೆ ಹೋಗುವವರೂ ಅವರೇ. ಇಂಥವರ ವಿಷಯವಾಗಿ ನಿಷ್ಪಕ್ಷಪಾತದಿಂದ ಬರೆಯಬೇಕೆಂದು ಕುಳಿತೆ. ಆದರೆ ಲೇಖನಿಯ ಮೊನೆಗೆ ಬರುವವರು ನಮ್ಮ ಓಣಿಯ ಕಾಕಾ ಒಬ್ಬರೇ.

1980ರ ಫೆಬ್ರುವರಿ 16, ಶನಿವಾರ. ಅಂದು ಖಗ್ರಾಸ ಸೂರ್ಯಗ್ರಹಣದ ನೆರಳು ಅಂಕೋಲೆಯ ಕಡೆಯಿಂದ ನೆಲವನ್ನೇರಿ, ಹುಬ್ಬಳ್ಳಿ, ರಾಯಚೂರುಗಳನ್ನು ಹಾಯ್ದು ಪೂರ್ವಕ್ಕೆ ಹೋಗುವುದಿತ್ತು. ಬೆಂಗಳೂರಿನ ಖಭೌತ ವಿಜ್ಞಾನಿಗಳು ಹುಬ್ಬಳ್ಳಿಯ ಹೊಸೂರಿನಲ್ಲಿಯೂ ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿಯೂ ಬೀಡು ಬಿಟ್ಟಿದ್ದರು. ಆಗಿನ ಗುಲ್ಬರ್ಗದ ಪಾಲಿಗೆ ಬಂದುದು ಬರಿಯ ಖಂಡಗ್ರಾಸ. ಊರೆಲ್ಲ ಕದವಿಕ್ಕಿಕೊಂಡು, ನೀರಿನ ಕೊಡದಲ್ಲಿ ದರ್ಭೆ ಹಾಕಿ ಕೂಡಲು ಸಿದ್ಧವಾಗುತ್ತಿರುವಾಗ, ಕಾಕಾ 1868ರ ಗ್ರಹಣದ ಕಥೆ ತೆಗೆದರು. ಆ ವರ್ಷ ಜಾನ್ಸೆನ್ ಎಂಬ ಪಂಡಿತನು ಗುಂಟೂರಿನಿಂದ ನೋಡಿದುದೂ, ಹರ್ಷೆಲ್ ಮನೆತನದವನೊಬ್ಬನು ನಮ್ಮ ಜಮಖಂಡಿಯಲ್ಲಿಯೇ ಯಂತ್ರ ಹೂಡಿ ಮೋಡಗಳ ಸಂದಿನಲ್ಲಿ ಸೂರ್ಯನನ್ನು ಹುಡುಕಿದುದೂ ಅವರಿಗೆ ಕಂಠಸ್ಥವಾಗಿದ್ದುವು. "ಫ್ರಾನ್ಸಿನಾವ ಗುಂಟೂರಿಗೆ ಬಂದಿದ್ದ, ನಾವು ಜವಳಗೇರಾಕ್ಕ ಹೋಗಬಾರದೇನೋ ತಮ್ಮಾ?" ಎಂದರು. ಈ ತರ್ಕಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಬೆಳಿಗ್ಗೆ ಆರಕ್ಕೆಂದು ಗೊತ್ತಾದ ಪ್ರಯಾಣವು ಕಾಕಾರ ಸ್ನಾನಾನಂತರ ಎಂಟೂವರೆಗೆ ಆರಂಭವಾಗಿ, ದಕ್ಷಿಣದ ಜೇವರ್ಗಿಯ ಕಡೆಗೆ ತಿರುಗಬೇಕಾದ ಫಿಯೆಟ್ ಕಾರು ಹುಮನಾಬಾದಿನ ರಸ್ತೆಯನ್ನು ಹಿಡಿದಾಗ, ನಾನು ಗಾಬರಿಗೊಂಡು ಕೇಳಿದೆ:

"ಕಾಕಾ, ಜೇವರ್ಗಿ ಹಿಂದ ಉಳೀತಲ್ರೀ?"

"ಬೆಂಗಳೂರಿಂದ ಅಷ್ಟು ದೊಡ್ಡ ಮಂದಿ ಬಂದಾರ, ಬರಿಗೈಲೆ ಹ್ಯಾಂಗ ಹೋಗೂದು? ಕಮಲಾಪುರದಾಗ ಒಂದು ಬಾಳಿಗೊನಿ ಒಗೆಸಿಕೊಂಡು ಹೋಗೂಣು. ಹಾದ್ಯಾಗೇ ಅದ."

ಕಮಲಾಪುರದ ಕೆಂಪು ಬಾಳೆಯ ಮಹಿಮೆಯನ್ನು ನಾನು ಅಲ್ಲಗಳೆಯುವುದಿಲ್ಲ; ಮುಂದೆ ಅದು ಭೌಗೋಳಿಕ ಸೂಚಕವನ್ನೂ ಪಡೆಯಿತು. ಭೂಗೋಳದಲ್ಲಿ ಅದರ ಸ್ಥಾನ ನಾವು ಹೋಗಬೇಕಾದ ದಿಕ್ಕಿಗೆ ನೇರ ವಿರುದ್ಧ ಎಂಬುದಷ್ಟೇ ನನ್ನ ತಕರಾರು. ಅಲ್ಲಿ ತೋಟದವರು ಕಾಕಾರ ಪರಿಚಿತರಾದ್ದರಿಂದ ಚಹ ಬಂತು. ಚಹದ ಹಿಂದೆ ಸೂಸಲ ಬಂತು. ಸೂಸಲದ ಹಿಂದೆ ಅಣ್ಣತಮ್ಮಂದಿರ ಹೊಲದ ಬದುವಿನ ವ್ಯಾಜ್ಯವೊಂದು ಬಂದು, ಅದನ್ನು ಕಾಕಾ ಒಂದು ತಾಸಿನಲ್ಲಿ ಬಗೆಹರಿಸಿದರು. ಬಳಿಕ ಗೊನೆ ಕಡಿಸಿದರು. ಅದು ಡಿಕ್ಕಿಯಲ್ಲಿ ಹಿಡಿಸದಿರಲು ಸ್ಟೆಪ್ನಿಯನ್ನು ತೆಗೆಯಿಸಿ, "ನಾಳೆ ಒಯ್ತೀವಿ" ಎಂದು ತೋಟದಲ್ಲಿಯೇ ಬಿಟ್ಟರು. ನಾನು ಪ್ರತಿಭಟಿಸಬಹುದಾಗಿತ್ತು. ಆದರೆ ಪರರ ಕಾರಿನಲ್ಲಿ ಪುಕ್ಕಟೆ ಕುಳಿತವನ, ಅದರಲ್ಲಿಯೂ ಅಷ್ಟರಲ್ಲಿ ನಾಲ್ಕು ಹಣ್ಣು ತಿಂದು ಮುಗಿಸಿದವನ ಕೋಪಕ್ಕೆ ಎಷ್ಟು ಬೆಲೆ?

ಮರಳಿ ಊರು ಹೊಕ್ಕು, ಕಾಕಾ ಮರೆತುಬಂದಿದ್ದ ತಮ್ಮ ಎದೆಯ ಎಕ್ಸ್-ರೇ ಹಾಳೆಯನ್ನು (ಸೂರ್ಯನನ್ನು ನೋಡುವ ಸಾಧನವಿದು, ಕಣ್ಣಿನ ವೈದ್ಯರು ಕೇಳಿದರೆ ಬೈದಾರು) ಎತ್ತಿಕೊಂಡು, "ಗ್ರಹಣದಾಗ ಉಣ್ಣಬಾರದು" ಎಂಬ ಕಾಕುವಿನ ಆಜ್ಞೆಯಂತೆ ಮುಂಗಡವಾಗಿ ರೊಟ್ಟಿ, ಶೇಂಗಾ ಹಿಂಡಿ ಉಂಡು ಹೊರಟಾಗ ಮಧ್ಯಾಹ್ನ ಒಂದಾಗಿತ್ತು. ಭೀಮಾ ನದಿಯನ್ನು ದಾಟಿದೆವು. ಜೇವರ್ಗಿಯ ಬಳಿ ಹಿಂದಿನ ಗಾಲಿ ಪಂಕ್ಚರಾಯಿತು.

ಡಿಕ್ಕಿ ತೆರೆದೆವು. ಬಾಳೆಗೊನೆಯಿತ್ತು.

ಎರಡೂವರೆಯ ಸುಮಾರಿಗೆ ಸೂರ್ಯನ ಅಂಚು ಸವೆಯತೊಡಗಿತು. ರಸ್ತೆಯ ಮೇಲೆ ಒಂದು ವಾಹನದ ಸುಳಿವೂ ಇಲ್ಲ. ಹುಣಸೆಯ ಮರದ ಕೆಳಗೆ, ಎಲೆಗಳ ಸಂದಿನಿಂದ ಬಿದ್ದ ಬಿಸಿಲಿನ ಚುಕ್ಕೆಗಳೆಲ್ಲ ಮೆಲ್ಲಮೆಲ್ಲನೆ ಸಾವಿರ ಕುಡುಗೋಲುಗಳಾದುವು. ಬೆಳಕು ಬಣ್ಣಗೆಟ್ಟು, ಗಾಳಿ ತಣ್ಣಗಾಗಿ, ಗಿಳಿಗಳು ಗೂಡಿಗೆ ತಿರುಗಿದುವು. ಕಾಕಾ ತಮ್ಮ ಪಕ್ಕೆಲುಬುಗಳ ನಡುವಿನಿಂದ ಸೂರ್ಯನನ್ನು ನೋಡುತ್ತ ನಿಂತರು. ಕೊನೆಗುಳಿದ ಉಗುರಿನಷ್ಟು ಬೆಳಕು ಮುಚ್ಚೀತೆಂದು ನಾನು ಕಾದೆ, ಅದು ಮುಚ್ಚಲಿಲ್ಲ. ದಕ್ಷಿಣದ ದಿಗಂತ ಮಾತ್ರ ಮಳೆಗಾಲದ ಸಂಜೆಯಂತೆ ಕಪ್ಪಾಗಿತ್ತು.

"ಅಲ್ಲಿ ಈಗ ಪೂರ್ತಿ ಕತ್ತಲಾಗಿರಬೇಕು, ತಮ್ಮಾ" ಎಂದರು. ನಾನು ಅವರನ್ನು ಬಲ್ಲ ಇಪ್ಪತ್ತು ವರ್ಷಗಳಲ್ಲಿ ಅಷ್ಟು ಮೆಲ್ಲಗೆ ಅವರು ಆಡಿದ ಮಾತು ಅದೊಂದೇ. ಬೆಳಿಗ್ಗೆಯಿಂದ ಕೂಡಿಟ್ಟಿದ್ದ ಬೈಗುಳಗಳು ನನ್ನ ಗಂಟಲಿನಲ್ಲಿಯೇ ಉಳಿದುವು. ಗ್ರಹಣ ಬಿಟ್ಟ ಮೇಲೆ ಕುರಿಗಾಹಿಗಳನ್ನೂ ಅವರ ಮಕ್ಕಳನ್ನೂ ಕೂಗಿ ಕರೆದು, ವಿಜ್ಞಾನಿಗಳಿಗೆಂದು ತಂದ ಇಡೀ ಗೊನೆಯನ್ನು ಹಂಚಿದರು. ನನಗೆ ಐದನೆಯ ಹಣ್ಣು ದೊರೆಯಿತು.

1995, 1999, 2009: ಮೂರು ಸಲ ಖಗ್ರಾಸವು ಭಾರತದ ಮೇಲೆ ಹಾಯ್ದುಹೋಯಿತು. ಒಮ್ಮೆಯೂ ನಮ್ಮ ಸೀಮೆಗೆ ಬರಲಿಲ್ಲ, ನಾನೂ ಅದರ ಬೆನ್ನುಹತ್ತಿ ಹೋಗಲಿಲ್ಲ. ಹೊರಡಿಸುವ ಕಾಕಾ ಆಗಲೇ ತೀರಿಕೊಂಡಿದ್ದರು. ಮುಂದಿನದು 2034ರ ಮಾರ್ಚ್ 20ರಂದು, ಕಾರ್ಗಿಲ್ಲಿನ ಕಡೆ. ನಿನ್ನೆ ಸುಮ್ಮನೆ ನಕಾಶೆ ಬಿಚ್ಚಿ, ಕಲಬುರಗಿಯಿಂದ ಹುಮನಾಬಾದು, ಬೀದರಗಳ ಮೇಲೆ ಉತ್ತರಕ್ಕೆ ಬೆರಳಾಡಿಸಿದೆ. ಈ ಸಲ ಕಮಲಾಪುರ ನಿಜವಾಗಿಯೂ ಹಾದಿಯಲ್ಲಿಯೇ ಇದೆ.